ಹಳೇ ಗರಗಸದ ಮಿಷನ್ ಎಳೆಯುತ್ತಿಲ್ಲವೇ? ವೈಂಡಿಂಗಿಗೆ ತರುವ ಮುಂಚೆ ಇಷ್ಟು ನೋಡಿ

ಮಂಡ್ಯದಲ್ಲಿ ನಮ್ಮದು ಮೋಟರ್ ವೈಂಡಿಂಗ್ ಅಂಗಡಿ, ಅಂದರೆ ಸುಟ್ಟ ಮೋಟರಿನ ತಾಮ್ರದ ತಂತಿ ತೆಗೆದು ಹೊಸದಾಗಿ ಸುತ್ತಿ ಕಟ್ಟಿಕೊಡುವ ಕೆಲಸ. ಅಪ್ಪ ಹಾಕಿದ್ದು, ಈಗ ನಾನು ನಡೆಸುತ್ತೇನೆ. ಕೆಲಸದಲ್ಲಿ ಮುಕ್ಕಾಲು ಪಾಲು ಪಂಪ್‌ಸೆಟ್ಟಿನದು. ಮಿಕ್ಕಿದ್ದರಲ್ಲಿ ಬಡಗಿ ಕೆಲಸದವರ ಮಿಷನ್‌ಗಳೇ ಜಾಸ್ತಿ, ಅದರಲ್ಲೂ ಕೈಯಲ್ಲಿ ಹಿಡಿದು ಕುಯ್ಯುವ ಏಳಿಂಚಿನ ಸರ್ಕ್ಯುಲರ್ ಗರಗಸ. ವರ್ಷಗಟ್ಟಲೆ ದುಡಿದು ಹಿಡಿ ಸವೆದು ನುಣ್ಣಗಾದ ಹಳೇ ಮಿಷನ್‌ಗಳು. ತರುವವರು ಹೇಳುವುದು ಹೆಚ್ಚುಕಡಿಮೆ ಒಂದೇ: “ಅಕ್ಕಾ, ಮಿಷನ್ನು ಎಳ್ಯಾಕಿಲ್ಲ. ಮರಕ್ಕೆ ಇಟ್ಟೇಟ್ಗೆ ನಿಂತೋಯ್ತದೆ. ವೈಂಡಿಂಗ್ ಹೋಗೈತೆ, ಕಟ್ಕೊಡಿ.”

“ಬ್ಲೇಡ್ ಎಲ್ಲಿ ಆಚಾರ್ರೇ?” ಅಂತ ಕೇಳಿದರೆ, ಬಿಚ್ಚಿ ಮನೆಯಲ್ಲಿಟ್ಟು ಬಂದಿರುತ್ತಾರೆ. ನನಗೆ ಮೊದಲು ಬೇಕಾಗಿದ್ದೇ ಅದು.

ವೈಂಡಿಂಗ್ ನಿಜವಾಗಿಯೂ ಹೋಗಿದ್ದರೆ ಮಿಷನ್ ಅಷ್ಟಕ್ಕೇ ಸುಮ್ಮನಿರುವುದಿಲ್ಲ. ಸುಟ್ಟ ವಾಸನೆ ಬರುತ್ತದೆ, ಹೊಗೆ ಬರುತ್ತದೆ, ಒಳಗೆ ಬೆಂಕಿಯ ಉಂಗುರದ ಹಾಗೆ ಕಿಡಿ ಸುತ್ತುತ್ತದೆ, ಇಲ್ಲವೇ ತಿರುಗುವುದನ್ನೇ ನಿಲ್ಲಿಸುತ್ತದೆ. ಖಾಲಿ ಓಡಿಸಿದಾಗ ಚೆನ್ನಾಗಿ ಓಡಿ, ಮರಕ್ಕೆ ಇಟ್ಟಾಗ ಮಾತ್ರ ಸೋಲುವ ಮಿಷನ್‌ನಲ್ಲಿ ಮೋಟರ್ ಬಲ ಬಹುಪಾಲು ಇದ್ದೇ ಇರುತ್ತದೆ. ಆ ಬಲವನ್ನು ದಾರಿಯಲ್ಲಿ ಯಾವುದೋ ಒಂದು ತಿನ್ನುತ್ತಿರುತ್ತದೆ. ಕಂಪನಿಯಲ್ಲಿ ಕಟ್ಟಿ, ವಾರ್ನಿಷ್ ಕುಡಿಸಿ, ಬೇಯಿಸಿದ ಆರ್ಮೇಚರ್ (ಮೋಟರಿನೊಳಗೆ ತಿರುಗುವ, ತಾಮ್ರ ಸುತ್ತಿದ ಭಾಗ) ಇನ್ನೂ ಗಟ್ಟಿಯಾಗಿರುವಾಗ ಅದರ ತಾಮ್ರ ಕತ್ತರಿಸಿ ತೆಗೆಯುವುದೆಂದರೆ ನನಗೆ ಸಂಕಟ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಹುಡುಕುವ ದಾರಿ ಒಂದೇ: ಹಲ್ಲಿನ ತುದಿಯಿಂದ ಶುರು ಮಾಡಿ, ಹಿಂದಕ್ಕೆ ಹಿಂದಕ್ಕೆ ಬನ್ನಿ. ಮೋಟರ್ ಕೊನೆಗೆ.

ಕೈ ಹಾಕುವ ಮುಂಚೆ ಪ್ಲಗ್ ಕಿತ್ತು ನಿಮ್ಮ ಕಣ್ಣಿಗೆ ಕಾಣುವ ಜಾಗದಲ್ಲೇ ಇಟ್ಟುಕೊಳ್ಳಿ. ಸ್ವಿಚ್ ಆರಿಸಿದ್ದೇನೆ ಅಂದರೆ ಸಾಲದು. ಹಳೇ ಮಿಷನ್‌ಗಳಲ್ಲಿ ಸ್ವಿಚ್ಚಿನ ಸ್ಪ್ರಿಂಗ್ ಸೋತಿರುತ್ತದೆ, ಕೈ ತಾಗಿದರೆ ಹತ್ತಿಕೊಳ್ಳುವ ಮಿಷನ್‌ಗಳು ನಮ್ಮ ಬೆಂಚಿಗೇ ಬಂದಿವೆ. ಓಡಿಸಿ ನೋಡುವಾಗ ಕಣ್ಣಿಗೆ ಕನ್ನಡಕ ಇರಲಿ, ಬ್ಲೇಡ್ ಮುಚ್ಚುವ ಕೆಳಗಿನ ಗಾರ್ಡನ್ನು ತಂತಿಯಲ್ಲಿ ಕಟ್ಟಿದ್ದರೆ ಬಿಚ್ಚಿ ಸಲೀಸಾಗಿ ಮುಚ್ಚಿಕೊಳ್ಳುವ ಹಾಗೆ ಮಾಡಿ, ಬ್ಲೇಡಿನ ನೇರಕ್ಕೆ ಹಿಂದೆ ನಿಲ್ಲಬೇಡಿ.

ಮೊದಲು ಸದ್ದು ಕೇಳಿ

ಸ್ಕ್ರೂಡ್ರೈವರ್ ತೆಗೆದುಕೊಳ್ಳುವ ಮುಂಚೆ ಒಂದು ಹಲಗೆ ಕುಯ್ದು ಸದ್ದಿಗೆ ಕಿವಿಗೊಡಿ.

ಮರಕ್ಕೆ ಇಟ್ಟೊಡನೆ ಮೋಟರಿನ ಸದ್ದು ಇಳಿದು ಮುಲುಗುತ್ತದೆಯೇ? ಹಾಗಾದರೆ ಮೋಟರಿಗೆ ಮೀರಿದ ಹೊರೆ ಬೀಳುತ್ತಿದೆ, ಇಲ್ಲವೇ ಅದಕ್ಕೆ ಬೇಕಾದಷ್ಟು ವೋಲ್ಟೇಜ್ ಸಿಗುತ್ತಿಲ್ಲ. ಬ್ಲೇಡು, ಮರ, ಬೇಸ್ ಪ್ಲೇಟು (ಮರದ ಮೇಲೆ ಕೂರುವ ಮಿಷನ್‌ನ ಅಡಿಭಾಗ), ವೈರು, ಈ ನಾಲ್ಕರಲ್ಲಿ ಹುಡುಕಿ.

ಮೋಟರಿನ ಸದ್ದು ಇದ್ದ ಹಾಗೇ ಇದ್ದು ಬ್ಲೇಡು ಮಾತ್ರ ನಿಧಾನವಾಗುತ್ತದೆಯೇ, ನಿಂತೇ ಬಿಡುತ್ತದೆಯೇ? ಬ್ಲೇಡ್ ಜಾರುತ್ತಿದೆ. ಮೋಟರಿಗೆ ಏನೂ ಆಗಿಲ್ಲ. ಬ್ಲೇಡಿನ ಬೋಲ್ಟು, ಅದರ ಎರಡು ಬದಿಯ ವಾಷರುಗಳನ್ನು ನೋಡಿ. ಕೆಲವು ಹಳೇ ಮಾದರಿಗಳಲ್ಲಿ ಬ್ಲೇಡ್ ಸಿಕ್ಕಿಕೊಂಡಾಗ ಜಾರಲಿ ಅಂತಲೇ ಹೊರಗಿನ ವಾಷರನ್ನು ಸ್ಪ್ರಿಂಗಿನಂತೆ ಬಾಗಿಸಿ ಮಾಡಿರುತ್ತಾರೆ. ಅದಕ್ಕೆ ಎಣ್ಣೆ ಮೆತ್ತಿದ್ದರೆ, ಇಲ್ಲ ಯಾರೋ ತಿರುಗಾಮುರುಗಾ ಹಾಕಿದ್ದರೆ, ಸಣ್ಣ ಹೊರೆಗೂ ಜಾರುತ್ತದೆ. ವಾಷರಿನ ಮುಖ ಒರೆಸಿ, ಸರಿಯಾದ ಬದಿಗೆ ಹಾಕಿ, ಬೋಲ್ಟ್ ಬಿಗಿ ಮಾಡಿ. ಬ್ಲೇಡಿನ ತೂತು ಶಾಫ್ಟಿಗಿಂತ ದೊಡ್ಡದಾಗಿದ್ದರೆ ನಡುವೆ ಹಾಕುವ ರಿಂಗ್ ಇದೆಯೇ ನೋಡಿ. ರಿಂಗ್ ಇಲ್ಲದ ಬ್ಲೇಡು ನಡುವಿಂದ ಸರಿದು ಕೂತು, ಒಂದು ಬದಿಯ ಹಲ್ಲು ಮಾತ್ರ ಕುಯ್ಯುತ್ತದೆ.

ಮೂರನೆಯದು, ಮರ ಮುಟ್ಟುವ ಮುಂಚೆಯೇ ಸದ್ದು ಸೊರಗಿರುವುದು. ಪೂರ್ತಿ ವೇಗಕ್ಕೆ ಬರಲು ತಡ ಮಾಡುತ್ತದೆ, ಇಲ್ಲ ಏರಿಳಿಯುತ್ತದೆ. ಇದರಲ್ಲಿ ಬ್ರಷ್ (ತಿರುಗುವ ಆರ್ಮೇಚರಿಗೆ ಕರೆಂಟ್ ಮುಟ್ಟಿಸುವ ಕಾರ್ಬನ್ ತುಂಡು), ಕಮ್ಯುಟೇಟರ್ (ಆ ಬ್ರಷ್ ತಾಗುವ ತಾಮ್ರದ ಸುತ್ತು), ಸ್ವಿಚ್ಚು, ಬೇರಿಂಗ್ ನೋಡಬೇಕು. ಓಡಿಸಿ ಸ್ವಿಚ್ ಬಿಟ್ಟಾಗ ಬ್ಲೇಡ್ ಎಷ್ಟು ಹೊತ್ತು ತಾನಾಗಿ ಸುತ್ತುತ್ತದೆ ಗಮನಿಸಿ. ಬ್ರೇಕ್ ಇಲ್ಲದ ಹಳೇ ಮಿಷನ್ ಕೆಲವು ಸೆಕೆಂಡ್ ಸುತ್ತಿ ಮೆಲ್ಲಗೆ ನಿಲ್ಲಬೇಕು. ಗರಗರ ಅಂದು ಥಟ್ಟನೆ ನಿಂತರೆ ಗೇರು, ಬೇರಿಂಗಿನಲ್ಲಿ ಹಿಡಿತ ಇದೆ.

ನಿಧಾನವಾದ ಮಿಷನ್ ಯಾಕೆ ಸುಡುತ್ತದೆ

ಇದನ್ನು ಪ್ರತಿಯೊಬ್ಬ ಬಡಗಿಯೂ ತಿಳಿದಿರಲಿ ಅಂತ ನನ್ನ ಆಸೆ. ಈ ಗರಗಸಗಳಲ್ಲಿರುವುದು ಬ್ರಷ್ ಇರುವ ಮೋಟರ್. ಖಾಲಿ ಓಡುವಾಗ ಬ್ಲೇಡು ನಿಮಿಷಕ್ಕೆ ಸುಮಾರು 5000 ಸುತ್ತು ಸುತ್ತುತ್ತದೆ, ಗೇರಿನ ಹಿಂದಿರುವ ಆರ್ಮೇಚರ್ ಇನ್ನೂ ಜೋರಾಗಿ. ಮೋಟರನ್ನು ತಂಪು ಮಾಡುವ ಫ್ಯಾನು ಆರ್ಮೇಚರಿನ ಶಾಫ್ಟಿಗೇ ಕೂತಿರುತ್ತದೆ. ಹೊರೆ ಜಾಸ್ತಿಯಾಗಿ ವೇಗ ಇಳಿದಾಗ ಎರಡು ಕೆಲಸ ಒಟ್ಟಿಗೇ ಆಗುತ್ತವೆ: ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತದೆ, ಹಾಗಾಗಿ ತಾಮ್ರ ಬಿಸಿಯಾಗುತ್ತದೆ. ಅದೇ ಹೊತ್ತಿಗೆ ಫ್ಯಾನ್ ನಿಧಾನವಾಗಿ ಗಾಳಿ ಕಡಿಮೆಯಾಗುತ್ತದೆ. ಮೊಂಡು ಬ್ಲೇಡ್ ಹಾಕಿಕೊಂಡು ಮೈಭಾರ ಬಿಟ್ಟು ಒತ್ತಿದಾಗ ಆಗುವುದು ಇದೇ. ಬ್ಲೇಡಿನ ತಪ್ಪಿಗೆ ಆರ್ಮೇಚರ್ ಸುಡುತ್ತದೆ. ಅದನ್ನು ಕಟ್ಟಿಸಿ ಅದೇ ಬ್ಲೇಡ್ ಹಾಕಿದರೆ ಮತ್ತೆ ಸುಡುತ್ತದೆ.

ಹಾಗಾಗಿ ಮಿಷನ್ ಬಿಸಿಯಾಗಿದ್ದರೆ ಸ್ವಿಚ್ ಆರಿಸಿ ಇಡಬೇಡಿ, ಮರದಿಂದ ಈಚೆ ತೆಗೆದು ಒಂದೆರಡು ನಿಮಿಷ ಖಾಲಿ ಓಡಿಸಿ. ಪೂರ್ತಿ ವೇಗದ ಗಾಳಿ ಸಿಕ್ಕಿ ಒಳಗಿನ ಕಾವು ಹೊರಗೆ ಹೋಗುತ್ತದೆ. ಗಾಳಿ ಹೋಗುವ ಕಿಂಡಿಗಳಲ್ಲಿ ಮರದ ಪುಡಿ ಗಟ್ಟಿ ಕಟ್ಟಿದ್ದರೆ ಬ್ರಷ್ಷಿನಲ್ಲಿ ಕೆದಕಿ, ಗಾಳಿ ಊದಿ ತೆಗೆಯಿರಿ. ಬಿಚ್ಚಿದಾಗ ಫ್ಯಾನಿನ ರೆಕ್ಕೆ ಮುರಿದಿದೆಯೇ ಅದನ್ನೂ ನೋಡಿ.

ಬ್ಲೇಡು

ನನ್ನ ಅನುಭವದಲ್ಲಿ ಎಳೆಯದ ಮಿಷನ್‌ಗಳ ತಪ್ಪು ಎಲ್ಲಕ್ಕಿಂತ ಹೆಚ್ಚಾಗಿ ಸಿಗುವುದು ಇಲ್ಲೇ. ಮಿಷನ್ ಬಿಚ್ಚುವ ಮುಂಚೆ ಹೊಸದೊಂದು 24 ಹಲ್ಲಿನ ಬ್ಲೇಡ್ ಹಾಕಿ ನೋಡಿ. ವೈಂಡಿಂಗ್ ಖರ್ಚಿಗೆ ಹೋಲಿಸಿದರೆ ಬ್ಲೇಡಿನ ಬೆಲೆ ಕಡಿಮೆ, ಮಿಷನ್ ಸರಿಯಿದ್ದರೂ ಇಲ್ಲದಿದ್ದರೂ ಅದು ಕೆಲಸಕ್ಕೆ ಬರುತ್ತದೆ.

ಬ್ಲೇಡ್ ಮೊಂಡಾಗಿದೆಯೇ ಅಂತ ತಿಳಿಯಲು, ಬಿಚ್ಚಿ ಬಿಸಿಲಿಗೆ ಹಿಡಿದು ಹಲ್ಲಿನ ತುದಿ ನೋಡಿ. ಚೂಪಾದ ಅಂಚಿನಿಂದ ಬೆಳಕು ವಾಪಸ್ ಬರುವುದಿಲ್ಲ. ಅಂಚಿನ ಮೇಲೆ ಬಿಳಿ ಗೆರೆ ಹೊಳೆದರೆ ಅಲ್ಲಿ ಅಂಚು ಸವೆದು ದುಂಡಗಾಗಿದೆ. ಹಲ್ಲನ್ನು ಹೆಬ್ಬೆರಳ ಉಗುರಿನ ಮೇಲೆ ಮೆಲ್ಲಗೆ ಎಳೆದರೆ ಚೂಪಿದ್ದದ್ದು ಕಚ್ಚುತ್ತದೆ, ಮೊಂಡು ಜಾರುತ್ತದೆ. ಕುಯ್ದ ಮರದ ಮೈ ಕಪ್ಪಾಗಿದ್ದರೆ, ಹೊಗೆಯ ವಾಸನೆ ಬಂದರೆ, ಬೀಳುವ ಪುಡಿ ತರಿತರಿಯಾಗಿರದೆ ಹಿಟ್ಟಿನಷ್ಟು ಸಣ್ಣಗಿದ್ದರೆ, ಬ್ಲೇಡ್ ಕುಯ್ಯುತ್ತಿಲ್ಲ, ಉಜ್ಜುತ್ತಿದೆ.

ಹಲ್ಲು ಚೂಪಾಗಿಯೇ ಇದ್ದು ಅದರ ಬದಿಗೆ ಕಂದು ಬಣ್ಣದ ಅಂಟು ಕಟ್ಟಿರುವುದೂ ಉಂಟು. ಹಲಸು, ಬೇವು, ಹಸಿ ಮರ ಕುಯ್ಯುವವರಿಗೆ ಇದು ಗೊತ್ತಿರುತ್ತದೆ. ಅಂಟು ಹತ್ತಿದರೆ ಬ್ಲೇಡಿನ ಮೈ ದಪ್ಪಗಾಗಿ ಮರದ ಸಂದಿನಲ್ಲಿ ಉಜ್ಜುತ್ತದೆ, ಆ ಉಜ್ಜಾಟದ ಬಿಸಿಗೆ ಮತ್ತಷ್ಟು ಅಂಟು ಹಿಡಿಯುತ್ತದೆ. ಬ್ಲೇಡ್ ಬಿಚ್ಚಿ ಅಗಲವಾದ ತಟ್ಟೆಯಲ್ಲಿಟ್ಟು ವಾಷಿಂಗ್ ಸೋಡಾ ಕಲಸಿದ ಬಿಸಿನೀರು ಹಾಕಿ ಸ್ವಲ್ಪ ಹೊತ್ತು ಬಿಡಿ, ಹಳೇ ಹಲ್ಲುಜ್ಜುವ ಬ್ರಷ್‌ನಲ್ಲಿ ತಿಕ್ಕಿ. ಸೀಮೆಎಣ್ಣೆಯೂ ಆಗುತ್ತದೆ, ಆದರೆ ಪೂರ್ತಿ ಒರೆಸಿ ಒಣಗಿಸದೆ ಮಿಷನ್‌ಗೆ ಹಾಕಬೇಡಿ, ಒಳಗೆ ಕಿಡಿ ಇರುತ್ತದೆ. ಕಾಸ್ಟಿಕ್ ಸೋಡಾ ಬೇಡ. ಅದು ಹಲ್ಲಿನ ತುದಿಯ ಕಾರ್ಬೈಡ್ ಎಂಬ ಗಟ್ಟಿ ತುಂಡನ್ನೂ ಅದರ ಬೆಸುಗೆಯನ್ನೂ ಹಾಳು ಮಾಡುತ್ತದೆ.

ಹಲ್ಲಿನ ಲೆಕ್ಕವೂ ಬಲದ ಲೆಕ್ಕವೇ. 60 ಹಲ್ಲಿನ ಬ್ಲೇಡ್ ಪ್ಲೈವುಡ್ಡಿಗೆ, ಅಡ್ಡ ಕುಯ್ಯಲು ಚೆಂದ. ಅದನ್ನೇ ಹಾಕಿ ಎರಡಿಂಚಿನ ಹೊನ್ನೆ ಹಲಗೆಯನ್ನು ಎಳೆಯುದ್ದಕ್ಕೆ ಸೀಳಲು ಹೋದರೆ ಹಲ್ಲುಗಳ ನಡುವಿನ ಸಣ್ಣ ಜಾಗದಲ್ಲಿ ಪುಡಿ ತುಂಬಿಕೊಂಡು ಹೊರಗೆ ಬರಲಾಗದೆ ಬ್ಲೇಡ್ ಉಸಿರುಗಟ್ಟುತ್ತದೆ. ಉದ್ದ ಸೀಳಲು 18ರಿಂದ 24 ಹಲ್ಲು ಸಾಕು. ಹಲ್ಲಿನ ದಪ್ಪವನ್ನೂ ನೋಡಿ. 2.6 ಮಿಲಿಮೀಟರ್ ಸಂದು ಮಾಡುವ ಬ್ಲೇಡಿನ ಬದಲು 1.8ರದ್ದು ಹಾಕಿದರೆ ಪುಡಿ ಮಾಡಬೇಕಾದ ಮರ ಹೆಚ್ಚುಕಡಿಮೆ ಮೂರನೇ ಒಂದು ಪಾಲು ಕಡಿಮೆಯಾಗುತ್ತದೆ. ಬಲ ಕಡಿಮೆಯಿರುವ ಹಳೇ ಮಿಷನ್‌ಗೆ ಇದರಿಂದ ಸಿಗುವಷ್ಟು ಸಹಾಯ ಬೇರೆ ಯಾವುದರಿಂದಲೂ ಸಿಗುವುದಿಲ್ಲ.

ಬ್ಲೇಡ್ ಉಲ್ಟಾ ಹಾಕಿರುವುದನ್ನೂ ನೋಡುತ್ತಿರುತ್ತೇನೆ, ಒಳ್ಳೇ ಕೆಲಸಗಾರರೇ ಅವಸರದಲ್ಲಿ ಹಾಕಿರುತ್ತಾರೆ. ಬ್ಲೇಡಿನ ಮೇಲಿನ ಬಾಣ, ಗಾರ್ಡಿನ ಮೇಲಿನ ಬಾಣ ಎರಡೂ ಒಂದೇ ಕಡೆ ತೋರಿಸಬೇಕು. ಕೈಗರಗಸದಲ್ಲಿ ಮುಂದಿನ ಹಲ್ಲು ಕೆಳಗಿನಿಂದ ಮೇಲಕ್ಕೆ ಕುಯ್ಯುತ್ತದೆ. ಟೇಬಲ್ ಗರಗಸದಲ್ಲಿ ನಿಮ್ಮ ಕಡೆಯ ಹಲ್ಲು ಮೇಲಿನಿಂದ ಕೆಳಕ್ಕೆ.

ಸಾಣೆಯ ವಿಷಯ: ಮಾಮೂಲಿ ಸ್ಟೀಲ್ ಬ್ಲೇಡಿಗೆ ಅರ ಹಾಕಿ ಹಲ್ಲು ಬಿಡಿಸಬಹುದು. ಹಲ್ಲು ಎಡಕ್ಕೊಂದು ಬಲಕ್ಕೊಂದು ಬಾಗಿರದಿದ್ದರೆ ಎಷ್ಟು ಚೂಪಿದ್ದರೂ ಸಂದಿನಲ್ಲಿ ಬಿಗಿಯುತ್ತದೆ. ಕಾರ್ಬೈಡ್ ತುದಿಯ ಬ್ಲೇಡಿಗೆ ಅರ ನಾಟುವುದಿಲ್ಲ, ಡೈಮಂಡ್ ಚಕ್ರ ಇರುವವರ ಹತ್ತಿರವೇ ಕೊಡಬೇಕು.

ಮರ ಮತ್ತು ಬೇಸ್

ತೇಗದಲ್ಲಿ ಮರಳಿನ ಅಂಶ ಇರುತ್ತದೆ, ಸ್ಟೀಲ್ ಹಲ್ಲನ್ನು ಬೇಗ ತಿನ್ನುತ್ತದೆ. ಬೀಟೆಯ ಚೇಗು ಗಟ್ಟಿ, ನಿಧಾನವಾಗಿಯೇ ನೂಕಬೇಕು. ಹಳೇ ತೊಟ್ಟಿಮನೆ ಕೆಡವಿದ ತೊಲೆ, ಜಂತೆ ಕುಯ್ಯುವವರು ಮೊದಲು ಅಯಸ್ಕಾಂತ ಆಡಿಸಿ ಮೊಳೆ ಹುಡುಕಿ, ಒಳಗೆ ಮುರಿದುಳಿದ ಒಂದು ಮೊಳೆ ಸಾಕು ಹೊಸ ಬ್ಲೇಡಿನ ಹಲ್ಲು ಹಾರಿಸಲು. ಹಸಿ ಮರ ಕುಯ್ಯುವಾಗ ಸಂದು ಹಿಂದಿನಿಂದ ಮುಚ್ಚಿಕೊಂಡು ಬ್ಲೇಡನ್ನು ಹಿಡಿಯುತ್ತದೆ, ಆಗ ಎಷ್ಟು ದೊಡ್ಡ ಮೋಟರಾದರೂ ನಿಲ್ಲುತ್ತದೆ, ಇಲ್ಲ ಮಿಷನ್ ನಿಮ್ಮ ಕಡೆಗೆ ಒದೆಯುತ್ತದೆ. ಮಿಷನ್ ಆರಿಸಿ, ಬ್ಲೇಡ್ ನಿಂತ ಮೇಲೆ ಕುಯ್ದ ಸಂದಿಗೆ ಒಂದು ಬೆಣೆ ಹೊಡೆದು ಮುಂದುವರಿಸಿ. ಹಲಗೆಯ ಎರಡು ತುದಿಗೆ ಮಾತ್ರ ಆಸರೆ ಕೊಟ್ಟು ನಡುವೆ ಕುಯ್ದರೂ ಹಲಗೆ ಬಾಗಿ ಇದೇ ಆಗುತ್ತದೆ. ಕುಯ್ಯುವ ಗೆರೆಯ ಎರಡೂ ಬದಿಗೆ ಆಸರೆ ಕೊಡಿ. ಬ್ಲೇಡು ಹಲಗೆಯ ಕೆಳಗೆ ಕಾಲಿಂಚು ಇಳಿದರೆ ಸಾಕು.

ಬೇಸ್ ಪ್ಲೇಟ್ ಬಾಗಿರುವುದನ್ನು ಜನ ಗಮನಿಸುವುದೇ ಇಲ್ಲ. ಮಿಷನ್ ಒಮ್ಮೆ ಏಣಿಯಿಂದ ಬಿದ್ದಿದ್ದರೆ ಬ್ಲೇಡು ಬೇಸಿನ ಅಂಚಿಗೆ ಸಮಾನಾಂತರವಾಗಿ ಇರುವುದಿಲ್ಲ. ಪ್ಲಗ್ ಕಿತ್ತು, ಒಂದು ಹಲ್ಲಿಗೆ ಪೆನ್ನಿನಲ್ಲಿ ಗುರುತು ಹಾಕಿ, ಅದನ್ನು ಮುಂದಕ್ಕೆ ತಂದು ಬೇಸಿನ ಅಂಚಿನಿಂದ ಅಳೆಯಿರಿ. ಅದೇ ಹಲ್ಲನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಅಳೆಯಿರಿ. ಅರ್ಧ ಮಿಲಿಮೀಟರ್ ವ್ಯತ್ಯಾಸವಿದ್ದರೂ ಹಿಂದಿನ ಹಲ್ಲುಗಳು ಸಂದಿನ ಗೋಡೆಗೆ ಉಜ್ಜುತ್ತವೆ. ಗೈಡ್ ಹಾಕಿ ನೇರ ಕುಯ್ಯುವಾಗ ಮಾತ್ರ ಮಿಷನ್ ಸೋತು, ಕೈಯಲ್ಲೇ ಕುಯ್ಯುವಾಗ ಸರಿ ಇದ್ದರೆ ಇದೇ ಕಾರಣ ಅಂತ ಹಿಡಿಯಿರಿ. ಬೇಸಿನ ನಟ್ಟುಗಳನ್ನು ಸಡಿಲಿಸಿ ಸರಿಮಾಡಬಹುದು. ಕಬ್ಬಿಣದ ತಗಡಿನ ಬೇಸ್ ಬಾಗಿದ್ದರೆ ಬಿಚ್ಚಿ ಸಮತಟ್ಟಾದ ಕಲ್ಲಿನ ಮೇಲಿಟ್ಟು ಮರದ ಕೊಡತಿಯಲ್ಲಿ ತಟ್ಟಿ ನೇರ ಮಾಡಿ. ಎರಕದ ಬೇಸನ್ನು ತಟ್ಟಬೇಡಿ, ಒಡೆಯುತ್ತದೆ.

ಕರೆಂಟು ಬರುವ ದಾರಿ

“ನಿಮ್ ಅಂಗ್ಡೀಲಿ ಚೆನ್ನಾಗೇ ಓಡ್ತದಲ್ಲಕ್ಕ, ಕೆಲ್ಸದ್ ತಾವು ಮಾತ್ರ ಓಡಾಕಿಲ್ಲ” ಅಂತ ಯಾರಾದರೂ ಅಂದರೆ ನಾನು ಮಿಷನ್ ಬಿಚ್ಚುವುದಿಲ್ಲ, ವೈರ್ ತನ್ನಿ ಅನ್ನುತ್ತೇನೆ.

ನಮಗೆ ಸಿಗಬೇಕಾದದ್ದು 230 ವೋಲ್ಟ್. ಮೋಟರ್ ತಿರುಚುವ ಬಲ ವೋಲ್ಟೇಜಿನ ವರ್ಗಕ್ಕೆ ಹೊಂದಿಕೊಂಡು ಇಳಿಯುತ್ತದೆ. 230ರ ಬದಲು 190 ಬಂದರೆ ವೋಲ್ಟೇಜ್ ಇಳಿದದ್ದು ಆರನೇ ಒಂದು ಪಾಲಿನಷ್ಟು, ಬಲ ಇಳಿಯುವುದು ಹತ್ತಿರ ಹತ್ತಿರ ಮೂರನೇ ಒಂದು ಪಾಲು. ಟ್ರಾನ್ಸ್‌ಫಾರ್ಮರಿನಿಂದ ದೂರದ ಮನೆಗಳಲ್ಲಿ, ಅದೇ ಲೈನಿನಲ್ಲಿ ಆಲೆಮನೆಯ ಗಾಣದ ಮೋಟರೋ ಪಂಪ್‌ಸೆಟ್ಟುಗಳೋ ಓಡುವ ಹೊತ್ತಿನಲ್ಲಿ, ಇಷ್ಟು ಇಳಿಯುವುದು ಹೊಸದೇನಲ್ಲ. ಅಂಥ ಕಡೆ ದಪ್ಪ ಮರ ಸೀಳುವ ಕೆಲಸವನ್ನು ಮೋಟರುಗಳು ನಿಂತ ಹೊತ್ತಿಗೆ ಇಟ್ಟುಕೊಳ್ಳಿ.

ಮನೆಯ ಸಾಕೆಟ್ಟಿನಲ್ಲಿ 230 ಇದ್ದರೂ ಮಿಷನ್‌ವರೆಗೆ ಅಷ್ಟೂ ತಲುಪುವುದಿಲ್ಲ. 1300 ವ್ಯಾಟಿನ ಗರಗಸ ಮಾಮೂಲಿ ಹೊರೆಯಲ್ಲಿ 6 ಆಂಪಿಯರಿನಷ್ಟು ಎಳೆಯುತ್ತದೆ, ತಿಣುಕುವಾಗ ಅದರ ಎರಡರಷ್ಟು. 0.75 ಚದರ ಮಿಲಿಮೀಟರಿನ ತೆಳ್ಳನೆ ವೈರನ್ನು 30 ಮೀಟರ್ ಎಳೆದರೆ ಹೋಗಿ ಬರುವ ದಾರಿ 60 ಮೀಟರ್, ಅದರ ತಡೆ ಸುಮಾರು 1.4 ಓಮ್. 12 ಆಂಪಿಯರಿಗೆ 17 ವೋಲ್ಟ್ ವೈರಿನಲ್ಲೇ ಬಿಸಿಯಾಗಿ ಹೋಯಿತು. ಅದೇ ಉದ್ದಕ್ಕೆ 2.5 ಚದರ ಮಿಲಿಮೀಟರ್ ತಾಮ್ರದ ವೈರ್ ಹಾಕಿದರೆ ಕಳೆದುಕೊಳ್ಳುವುದು 5 ವೋಲ್ಟ್ ಮಾತ್ರ. ನಡುವೆ ಹೊಸೆದು ಟೇಪ್ ಸುತ್ತಿದ ಜಾಯಿಂಟ್ ಇದ್ದರೆ, ಪ್ಲಗ್ ಪಿನ್ ಸಡಿಲವಿದ್ದರೆ ಇನ್ನಷ್ಟು ಹೋಗುತ್ತದೆ. ನಮ್ಮದೇ ಜಿಲ್ಲೆಯ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗೆ, 140 ಕಿಲೋಮೀಟರಿಗೂ ಹೆಚ್ಚು ದೂರ, ಕರೆಂಟ್ ಒಯ್ದವರು ವೋಲ್ಟೇಜನ್ನು ಹತ್ತಾರು ಸಾವಿರಕ್ಕೆ ಏರಿಸಿಯೇ ಒಯ್ದದ್ದು. ವೋಲ್ಟೇಜ್ ಏರಿಸಿದರೆ ಅಷ್ಟೇ ಶಕ್ತಿಗೆ ತಂತಿಯಲ್ಲಿ ಹರಿಯುವ ಆಂಪಿಯರ್ ಕಡಿಮೆ, ನಷ್ಟವೂ ಕಡಿಮೆ. ನಮ್ಮ ಕೈಯಲ್ಲಿ ವೋಲ್ಟೇಜ್ ಏರಿಸಲು ಆಗುವುದಿಲ್ಲ, ವೈರಿನ ದಪ್ಪ ಹೆಚ್ಚಿಸಲು, ಉದ್ದ ಕಡಿಮೆ ಮಾಡಲು ಆಗುತ್ತದೆ.

ಪರೀಕ್ಷೆ ಮಾಡುವುದಾದರೆ ಮಿಷನ್ ಪ್ಲಗ್ ಹಾಕುವ ತುದಿಯಲ್ಲೇ ಮಲ್ಟಿಮೀಟರ್ ಇಟ್ಟು, ಇನ್ನೊಬ್ಬರು ಮರ ಕುಯ್ಯುತ್ತಿರುವಾಗ ಓದಿ. ಖಾಲಿ ಇದ್ದಾಗ ಓದಿದರೆ ಎಲ್ಲವೂ ಸರಿಯಾಗಿಯೇ ಕಾಣುತ್ತದೆ. ಕುಯ್ಯುವಾಗ 207ಕ್ಕಿಂತ ಕೆಳಗೆ, ಅಂದರೆ ನೂರಕ್ಕೆ ಹತ್ತಕ್ಕಿಂತ ಹೆಚ್ಚು ಇಳಿದರೆ ತಪ್ಪು ಮಿಷನ್‌ನದಲ್ಲ. ಎಕ್ಸ್‌ಟೆನ್ಷನ್ ಬೋರ್ಡಿನ ವೈರನ್ನು ಸುರುಳಿಯಲ್ಲೇ ಬಿಟ್ಟು ಓಡಿಸಬೇಡಿ, ಪೂರ್ತಿ ಬಿಚ್ಚಿ ಹಾಸಿ. ಸುರುಳಿಯ ಒಳಗೆ ಬಿಸಿ ಕೂಡಿ ವೈರಿನ ಮೇಲಿನ ಪ್ಲಾಸ್ಟಿಕ್ ಕರಗುತ್ತದೆ. ಟಿವಿಯ ಸ್ಟೆಬಿಲೈಸರ್‌ಗೆ ಗರಗಸ ಹಾಕುವುದೂ ಬೇಡ.

ಮಿಷನ್‌ನ ಸ್ವಂತ ವೈರು ಹಿಡಿಯೊಳಗೆ ಹೋಗುವ ಕಡೆ ದಿನವೂ ಬಗ್ಗಿ ಬಗ್ಗಿ ಒಳಗಿನ ಎಳೆಗಳು ಅರ್ಧಕ್ಕರ್ಧ ತುಂಡಾಗಿರುತ್ತವೆ. ಓಡಿಸಿ ಪ್ಲಗ್ ಕಿತ್ತ ಮೇಲೆ ಅಲ್ಲಿ ಮುಟ್ಟಿ ನೋಡಿ. ಆ ಜಾಗ ಮಾತ್ರ ಬಿಸಿ ಇದ್ದರೆ ಅಷ್ಟುದ್ದ ಕತ್ತರಿಸಿ ಹೊಸದಾಗಿ ಜೋಡಿಸಿ. ಸ್ವಿಚ್ಚಿಗೂ ಇದೇ ಪರೀಕ್ಷೆ. ಸ್ವಿಚ್ ಸುಡುವಷ್ಟು ಬಿಸಿಯಾದರೆ ಒಳಗಿನ ಕಾಂಟ್ಯಾಕ್ಟ್ ಕರಕಲಾಗಿದೆ, ಬದಲಿಸಿ.

ಕಾರ್ಬನ್ ಬ್ರಷ್, ಕಮ್ಯುಟೇಟರ್

ಇಲ್ಲಿಯವರೆಗೂ ತಪ್ಪು ಸಿಗದಿದ್ದರೆ ಈಗ ಮೋಟರಿನ ಬಾಗಿಲು ತೆಗೆಯೋಣ. ಪ್ಲಗ್ ಕಿತ್ತು, ಎರಡು ಬದಿಯ ಕರೀ ಮುಚ್ಚಳ ತಿರುಗಿಸಿ ಬ್ರಷ್ ಹೊರಗೆ ತೆಗೆಯಿರಿ. ತೆಗೆಯುವಾಗಲೇ ಯಾವುದು ಯಾವ ಬದಿಯದು, ಯಾವ ಮುಖ ಮೇಲಿತ್ತು ಅಂತ ಗುರುತು ಮಾಡಿಕೊಳ್ಳಿ. ಹಳೇ ಬ್ರಷ್ಷನ್ನೇ ವಾಪಸ್ ಹಾಕುವುದಾದರೆ ಅದು ತೇಯ್ದು ಕೂತ ಬಾಗು ಹಾಗೆಯೇ ಕೂರಬೇಕು.

ಬ್ರಷ್ 5–6 ಮಿಲಿಮೀಟರಿಗೆ ಸವೆದಿದ್ದರೆ, ಇಲ್ಲ ಅದರ ಮೇಲಿನ ಗುರುತಿನ ಗೆರೆಯವರೆಗೆ ಬಂದಿದ್ದರೆ ಬದಲಿಸಿ. ಒಂದು ಮಾತ್ರ ಸವೆದಿದ್ದರೂ ಎರಡನ್ನೂ ಬದಲಿಸಿ. ಉದ್ದ ಇನ್ನೂ ಇದ್ದರೂ ಬ್ರಷ್ ತನ್ನ ಗೂಡಿನಲ್ಲಿ ಸಲೀಸಾಗಿ ಜಾರುತ್ತದೆಯೇ ನೋಡಿ. ಮರದ ಪುಡಿ, ಕಾರ್ಬನ್ ಪುಡಿ ಸೇರಿ ಗೂಡಿನಲ್ಲಿ ಬ್ರಷ್ ಕಚ್ಚಿಕೊಂಡಿರುತ್ತದೆ. ಆಗ ಸ್ಪ್ರಿಂಗ್ ನೂಕಿದರೂ ಅದು ಕಮ್ಯುಟೇಟರನ್ನು ಸರಿಯಾಗಿ ಮುಟ್ಟುವುದಿಲ್ಲ. ಖಾಲಿ ಓಡುತ್ತದೆ, ಹೊರೆ ಬಿದ್ದಾಗ ಸೋಲುತ್ತದೆ. ಎಷ್ಟೋ ಮಿಷನ್‌ಗಳು ಈ ಗೂಡನ್ನು ಬಟ್ಟೆಯಲ್ಲಿ ಒರೆಸಿದಷ್ಟಕ್ಕೇ ಸರಿಯಾಗಿ ವಾಪಸ್ ಹೋಗಿವೆ. ಸ್ಪ್ರಿಂಗ್ ನೀಲಿ ಬಣ್ಣಕ್ಕೆ ತಿರುಗಿದ್ದರೆ ಅದು ಬಿಸಿಗೆ ಬಲ ಕಳೆದುಕೊಂಡಿದೆ. ಹೊಸ ಬ್ರಷ್ ತರಲು ಪೇಟೆ ಬೀದಿಗೆ ಹೋಗುವವರು ಹಳೆಯದನ್ನು ಜೇಬಿನಲ್ಲಿ ಹಾಕಿಕೊಂಡು ಹೋಗಿ, ಉದ್ದ ಅಗಲ ದಪ್ಪ ಮೂರೂ ಹೊಂದಬೇಕು. ಹೊಸದು ಹಾಕಿದ ಮೇಲೆ ನಾಲ್ಕೈದು ನಿಮಿಷ ಖಾಲಿ ಓಡಿಸಿ, ಅದು ಕಮ್ಯುಟೇಟರಿನ ಬಾಗಿಗೆ ತೇಯ್ದು ಕೂತ ಮೇಲೆ ಕೆಲಸಕ್ಕೆ ಹಚ್ಚಿ.

ಕಮ್ಯುಟೇಟರ್ ಅಂದರೆ ಬ್ರಷ್ ತಾಗುವ ತಾಮ್ರದ ಪಟ್ಟಿಗಳ ಸುತ್ತು. ಅದು ಒಂದೇ ಸಮನಾದ ಚಾಕೊಲೇಟ್ ಬಣ್ಣದಲ್ಲಿದ್ದರೆ ಆರೋಗ್ಯವಾಗಿದೆ, ಥಳಥಳ ಹೊಳೆಯಲಿ ಅಂತ ಉಜ್ಜಬೇಡಿ. ಕಪ್ಪು ಮಸಿ ಹಿಡಿದಿದ್ದರೆ ಸಣ್ಣ ನಂಬರಿನ ಪಾಲಿಶ್ ಪೇಪರ್ ಸುತ್ತಿ, ಆರ್ಮೇಚರ್ ತಿರುಗಿಸುತ್ತಾ ಮೆಲ್ಲಗೆ ತೆಗೆಯಿರಿ. ಎಮರಿ ಬಟ್ಟೆ ಬೇಡ, ಅದರ ಪುಡಿ ಪಟ್ಟಿಗಳ ನಡುವೆ ಕೂತು ಕರೆಂಟ್ ಹಾಯಿಸುತ್ತದೆ. ಪಟ್ಟಿಗಳ ನಡುವಿನ ಮೈಕಾ ತಾಮ್ರದ ಮಟ್ಟಕ್ಕೇ ಬಂದಿದ್ದರೆ ಬ್ರಷ್ ಅದರ ಮೇಲೆ ಎಗರುತ್ತದೆ. ಆಕ್ಸಾ ಬ್ಲೇಡಿನ ತುಂಡನ್ನು ತೆಳ್ಳಗೆ ತಿಕ್ಕಿಕೊಂಡು ಮೈಕಾವನ್ನು ಅರ್ಧ ಮಿಲಿಮೀಟರಿನಷ್ಟು ಕೆಳಗೆ ಕೆರೆದು, ಪುಡಿ ಊದಿ ತೆಗೆಯಬೇಕು. ತಾಳ್ಮೆಯ ಕೆಲಸ, ಪಟ್ಟಿಯ ಅಂಚು ಗೀರದ ಹಾಗೆ ಮಾಡಿ.

ಇನ್ನು ಕಿಡಿ. ಮಬ್ಬು ಬೆಳಕಿನಲ್ಲಿ ಓಡಿಸಿ ಕಿಂಡಿಯಿಂದ ನೋಡಿ. ಬ್ರಷ್ಷಿನ ಬುಡದಲ್ಲಿ ಸಣ್ಣ ನೀಲಿ ಕಿಡಿ ಸಹಜ. ಸುತ್ತಲೂ ಹಳದಿ ಕಿಡಿಯ ಉಂಗುರ ಕಂಡು, ಕಮ್ಯುಟೇಟರಿನ ಒಂದೆರಡು ಪಟ್ಟಿ ಮಾತ್ರ ಸುಟ್ಟು ಕಪ್ಪಾಗಿದ್ದರೆ ಆ ಪಟ್ಟಿಗೆ ಸೇರಿದ ಕಾಯಿಲ್ ಕಡಿದಿದೆ ಇಲ್ಲ ಶಾರ್ಟ್ ಆಗಿದೆ. ಮಲ್ಟಿಮೀಟರಿನಲ್ಲಿ ಪಕ್ಕ ಪಕ್ಕದ ಪಟ್ಟಿಗಳ ನಡುವೆ ಸುತ್ತಲೂ ಓದಿಕೊಂಡು ಬನ್ನಿ. ಎಲ್ಲ ಕಡೆಯೂ ಓದು ಒಂದೇ ಇರಬೇಕು. ಒಂದು ಕಡೆ ಮಾತ್ರ ಜಿಗಿದರೆ ಕಡಿದಿದೆ, ಬಿದ್ದರೆ ಶಾರ್ಟ್. ಅಂಗಡಿಯಲ್ಲಿ ನಾವು ಆರ್ಮೇಚರನ್ನು ಗ್ರೌಲರ್ (ಆರ್ಮೇಚರ್ ಪರೀಕ್ಷೆ ಮಾಡುವ ಕರೆಂಟಿನ ಅಯಸ್ಕಾಂತ) ಮೇಲಿಟ್ಟು ಆಕ್ಸಾ ಬ್ಲೇಡ್ ಹಿಡಿಯುತ್ತೇವೆ. ಶಾರ್ಟ್ ಆದ ಕಾಯಿಲ್ ಕೂತಿರುವ ಸೀಳಿನ ಮೇಲೆ ಬ್ಲೇಡ್ ಗಡಗಡ ನಡುಗುತ್ತದೆ. ಮೀಟರಿಗೆ ಕಾಣದ ಶಾರ್ಟೂ ಅಲ್ಲಿ ಸಿಕ್ಕಿಬೀಳುತ್ತದೆ.

ಆರ್ಮೇಚರಿನ ಸುತ್ತ ಅಲ್ಲಾಡದೆ ಕೂತಿರುವ ಫೀಲ್ಡ್ ಕಾಯಿಲ್ ಎರಡು ಅರ್ಧ. ಎರಡರ ಓಮ್ ಸಮ ಇರಬೇಕು. ಒಂದರಲ್ಲಿ ಸುತ್ತುಗಳು ಶಾರ್ಟ್ ಆದರೆ ಮಿಷನ್ ಖಾಲಿ ಇದ್ದಾಗ ಮೊದಲಿಗಿಂತ ಜೋರಾಗಿಯೇ ಓಡಬಹುದು, ಆದರೆ ಎಳೆಯುವ ಬಲ ಇರುವುದಿಲ್ಲ, ಒಂದು ಬದಿ ಬೇಗ ಬಿಸಿಯಾಗುತ್ತದೆ. ವೇಗ ಇದೆ ಅಂದಮಾತ್ರಕ್ಕೆ ಮೋಟರ್ ಸರಿ ಇದೆ ಅಂದುಕೊಳ್ಳಬೇಡಿ.

ಬಿಚ್ಚಿದ ಕೈಯಲ್ಲೇ ಬೇರಿಂಗ್ ತಿರುಗಿಸಿ ನೋಡಿ. ಮರಳು ಸಿಕ್ಕಿದ ಹಾಗೆ ಗರಗರ ಅಂದರೆ ಅದರ ಮೇಲೆ ಕೊರೆದ ನಂಬರನ್ನೇ ಹೇಳಿ ಹೊಸದು ತನ್ನಿ. ಗೇರ್ ಪೆಟ್ಟಿಗೆಯ ಹಳೇ ಗ್ರೀಸ್ ಒಣಗಿ ಮೇಣವಾಗಿದ್ದರೆ ಸೀಮೆಎಣ್ಣೆಯಲ್ಲಿ ತೊಳೆದು ಒಣಗಿಸಿ ಹೊಸ ಲಿಥಿಯಂ ಗ್ರೀಸ್ ಹಾಕಿ. ಪೆಟ್ಟಿಗೆ ಅರ್ಧಕ್ಕಿಂತ ಹೆಚ್ಚು ತುಂಬಬೇಡಿ, ತುಂಬಿದರೆ ಗ್ರೀಸ್ ಕಲಕುವುದಕ್ಕೇ ಬಲ ಹೋಗುತ್ತದೆ, ಬಿಸಿಯಾಗಿ ಆರ್ಮೇಚರಿಗೂ ಇಳಿಯುತ್ತದೆ.

ಬೆಲ್ಟಿನ ಟೇಬಲ್ ಗರಗಸ ಇರುವವರಿಗೆ

ಕೆಳಗೆ ಮೋಟರ್ ಕೂರಿಸಿ ಬೆಲ್ಟಿನಲ್ಲಿ ಓಡಿಸುವ ಹಳೇ ಗರಗಸಕ್ಕೂ ಬ್ಲೇಡು, ಮರ, ವೈರಿನ ಮಾತು ಹಾಗೇ ಅನ್ವಯಿಸುತ್ತದೆ. ಅಲ್ಲಿ ಬ್ರಷ್ ಇಲ್ಲ, ಬದಲಿಗೆ ಬೆಲ್ಟು, ಕಂಡೆನ್ಸರ್. ಎರಡು ಪುಲ್ಲಿಗಳ ನಡುವೆ ಒಂದಡಿ ದೂರವಿದ್ದರೆ ಬೆಲ್ಟನ್ನು ಬೆರಳಲ್ಲಿ ಒತ್ತಿದಾಗ 5 ಮಿಲಿಮೀಟರಿನಷ್ಟು ಇಳಿಯಬೇಕು. ವಿ-ಬೆಲ್ಟ್ ಹಿಡಿಯುವುದು ಎರಡು ಬದಿಯಿಂದ. ಪುಲ್ಲಿಯ ಕೊರಕಲಿನ ತಳ ಫಳಫಳ ಹೊಳೆಯುತ್ತಿದ್ದರೆ ಬೆಲ್ಟ್ ತಳಕ್ಕೆ ಕೂತು ಜಾರುತ್ತಿದೆ, ಎಷ್ಟು ಬಿಗಿದರೂ ಪ್ರಯೋಜನವಿಲ್ಲ, ಬಿಗಿದಷ್ಟೂ ಬೇರಿಂಗಿಗೆ ಹೊರೆ. ಸಿಂಗಲ್ ಫೇಸ್ ಮೋಟರ್ ಹೊರೆಯಲ್ಲಿ ಸೋತರೆ ರನ್ನಿಂಗ್ ಕಂಡೆನ್ಸರ್ ಅಳೆಸಿ, ಮೇಲೆ ಬರೆದ ಮೈಕ್ರೋಫ್ಯಾರಡ್‌ಗಿಂತ ನೂರಕ್ಕೆ ಹತ್ತಕ್ಕೂ ಹೆಚ್ಚು ಕಡಿಮೆ ಬಂದರೆ ಬದಲಿಸಿ. ಕರೆಂಟ್ ತೆಗೆದ ಮೇಲೂ ಅದರಲ್ಲಿ ಚಾರ್ಜ್ ಉಳಿದಿರುತ್ತದೆ, ಹಳೇ ಫಿಲಮೆಂಟ್ ಬಲ್ಬಿನ ಎರಡು ವೈರ್ ತಾಗಿಸಿ ಇಳಿಸಿದ ಮೇಲೆಯೇ ಮುಟ್ಟಿ. ತ್ರೀ ಫೇಸ್ ಮೋಟರ್ ಬರೀ ಗುಂಯ್ ಅನ್ನುತ್ತಾ ಎಳೆಯದಿದ್ದರೆ ತಕ್ಷಣ ಆರಿಸಿ ಮೂರೂ ಫೇಸ್ ಬರುತ್ತಿದೆಯೇ ನೋಡಿ. ಎರಡೇ ಫೇಸಿನಲ್ಲಿ ಓಡಿಸಿದರೆ ವೈಂಡಿಂಗ್ ಬೇಗನೆ ಸುಟ್ಟು ಹೋಗುತ್ತದೆ.

ವೈಂಡಿಂಗಿಗೆ ಬರಲೇಬೇಕಾದಾಗ

ಗ್ರೌಲರ್ ಶಾರ್ಟ್ ತೋರಿಸಿದರೆ, ಮಿಷನ್ ಮೈ ಮುಟ್ಟಿದರೆ ಶಾಕ್ ಹೊಡೆದರೆ, ವಾರ್ನಿಷ್ ಸುಟ್ಟು ಉದುರುತ್ತಿದ್ದರೆ ಬೇರೆ ದಾರಿ ಇಲ್ಲ. ಶಾಕ್ ಹೊಡೆಯುವ ಮಿಷನ್‌ನಲ್ಲಿ ಇನ್ನೊಂದು ಹಲಗೆಯನ್ನೂ ಕುಯ್ಯಬೇಡಿ. ಕಮ್ಯುಟೇಟರಿನ ಪಟ್ಟಿಗಳೇ ಸಡಿಲವಾಗಿ ಎದ್ದಿದ್ದರೆ ಕಟ್ಟಿಸುವುದಕ್ಕಿಂತ ಆರ್ಮೇಚರನ್ನೇ ಹೊಸದು ಹಾಕಿಸುವುದು ಮೇಲು.

ಕಟ್ಟಿಸುವುದಾದರೆ, ಹಳೇ ಕಾಯಿಲಿನ ಸುತ್ತು ಎಷ್ಟು, ತಂತಿಯ ಗೇಜ್ ಎಷ್ಟು ಅಂತ ಬಿಚ್ಚುವಾಗಲೇ ಬರೆದಿಟ್ಟುಕೊಳ್ಳುತ್ತಾರಾ ಅಂತ ಅಂಗಡಿಯವರನ್ನು ಕೇಳಿ. ಸುತ್ತು ಕಡಿಮೆ ಮಾಡಿದರೆ ಮಿಷನ್ ಜೋರಾಗಿ ಓಡಿ ಜಾಸ್ತಿ ಕರೆಂಟ್ ಎಳೆಯುತ್ತದೆ, ತಂತಿ ತೆಳ್ಳಗೆ ಹಾಕಿದರೆ ಬೇಗ ಬಿಸಿಯಾಗುತ್ತದೆ. ವಾರ್ನಿಷ್ ಕುಡಿಸಿ ಒಲೆಯಲ್ಲಿ ಬೇಯಿಸಿ ಕೊಡುತ್ತಾರಾ, ಬರೀ ಬಳಿದು ಒಣಗಿಸುತ್ತಾರಾ ಅದನ್ನೂ ಕೇಳಿ. ಬರುವಾಗ ಮಿಷನ್ ಜೊತೆಗೆ ನೀವು ಹಾಕುವ ಬ್ಲೇಡು, ಕೆಲಸದ ಜಾಗದಲ್ಲಿ ಬಳಸುವ ಅದೇ ಎಕ್ಸ್‌ಟೆನ್ಷನ್ ವೈರು, ಮಿಷನ್ ಸೋತ ಅದೇ ಮರದ ಒಂದು ತುಂಡು ತನ್ನಿ. ವಾಪಸ್ ತೆಗೆದುಕೊಂಡು ಹೋಗುವ ಮುಂಚೆ ಆ ತುಂಡನ್ನು ಆ ವೈರಿನಲ್ಲೇ, ನಿಮ್ಮ ಎದುರಿಗೇ ಕುಯ್ಯಿಸಿ ನೋಡಿ.